ಬಿಸಿಲಿನ ಗೇಣಿ ಯಾರಿಗೆ?

ಪಾವಗಡದ ಬಿಸಿಲಿಗೆ ಬೆಲೆ ಬಂದಿದೆ. ತುಮಕೂರು ಜಿಲ್ಲೆಯ ಈ ಗಡಿ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13,000 ಎಕರೆ ನೆಲದ ಮೇಲೆ ಸೌರಫಲಕಗಳು ಹರಡಿವೆ. 2018ರಲ್ಲಿ ಉದ್ಘಾಟನೆಯಾಗಿ 2019ರ ಕೊನೆಯ ಹೊತ್ತಿಗೆ ಪೂರ್ಣಗೊಂಡ ಈ ಸ್ಥಾವರದ ಸಾಮರ್ಥ್ಯ 2,050 ಮೆಗಾವಾಟ್. ಮಳೆ ಕೈಕೊಟ್ಟ ಸೀಮೆ ಬಿಸಿಲನ್ನು ಮಾರಿ ಬದುಕಿಕೊಂಡಿತೆಂದು ವೇದಿಕೆಗಳಲ್ಲಿ ಹೇಳುತ್ತಾರೆ. ಮಾತು ಸೊಗಸಾಗಿದೆ. ಆದರೆ ಮಾರಿದವರು ಯಾರು, ಬದುಕಿಕೊಂಡವರು ಯಾರು ಎಂದು ಯಾರಾದರೂ ಕೇಳಬೇಡವೆ?

ಮೆಚ್ಚಬೇಕಾದದ್ದನ್ನು ಮೊದಲು ಮೆಚ್ಚೋಣ. ಇಲ್ಲಿ ರೈತನ ಜಮೀನನ್ನು ಸರ್ಕಾರ ಕಿತ್ತುಕೊಳ್ಳಲಿಲ್ಲ. 28 ವರ್ಷಗಳ ಗುತ್ತಿಗೆ; ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭ; ಎರಡು ವರ್ಷಕ್ಕೊಮ್ಮೆ ಶೇಕಡ 5ರ ಏರಿಕೆ. ಪಹಣಿಯಲ್ಲಿ ರೈತನ ಹೆಸರು ಹಾಗೆಯೇ ಉಳಿದಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಶರಾವತಿ ಕಣಿವೆಯ ಜನ ಮನೆಮಾರು ಬಿಟ್ಟು ಹೊರಟರಲ್ಲ, ಅವರ ನೆಲದ ಹಕ್ಕಿನ ಪ್ರಶ್ನೆ ಎಷ್ಟೋ ದಶಕಗಳವರೆಗೆ ಎಳೆಯಿತು. ಅದರೊಡನೆ ಹೋಲಿಸಿದರೆ ಪಾವಗಡದ್ದು ಸಭ್ಯ ವ್ಯವಹಾರವೆಂದು ಒಪ್ಪಲೇಬೇಕು.

ಹಾಗಾದರೆ ತಕರಾರೇನು? ಕನ್ನಡ ಪಾಠ ಹೇಳುವವನಿಗೆ ಕರೆಂಟಿನ ಗೊಡವೆ ಏಕೆ ಎಂದು ಕೇಳುವವರೂ ಉಂಟು. ನನ್ನ ಗೊಡವೆ ಇರುವುದು ಒಂದು ಶಬ್ದದ ವಿಷಯದಲ್ಲಿ. ಈ ನೆಲವನ್ನು 'ಬರಡು' ಎಂದು ಕರೆದರು. ಬರಡೆಂದರೆ ಹೆರದ್ದು, ಏನನ್ನೂ ಕೊಡದ್ದು. ಮಳೆ ಬಂದ ವರ್ಷ ಕಡಲೆಕಾಯಿ ಕೊಟ್ಟ ನೆಲ, ಬಾರದ ವರ್ಷ ಕುರಿಗೆ ಮೇವು ಕೊಟ್ಟ ನೆಲ ಬರಡು ಹೇಗಾದೀತು? ಬಡ ನೆಲ ಎನ್ನಿ, ಒಪ್ಪುತ್ತೇನೆ. ಬಡವಾದರೂ ಅದು ಒಡೆಯನೊಬ್ಬನನ್ನೇ ಸಾಕುತ್ತಿರಲಿಲ್ಲ. ಕಳೆ ತೆಗೆಯುವ ಹೆಂಗಸು, ಕಾಯಿ ಬಿಡಿಸುವ ಕೂಲಿ, ಕುರಿ ಮೇಯಿಸುವ ಹುಡುಗ ಎಲ್ಲರಿಗೂ ಅದರಲ್ಲಿ ಒಂದು ತುತ್ತಿತ್ತು. ಬರಡು ಎಂಬ ಒಂದೇ ಶಬ್ದ ಈ ಮೂವರನ್ನೂ ಲೆಕ್ಕದಿಂದ ಅಳಿಸಿಹಾಕಿತು.

ಲೆಕ್ಕವನ್ನೇ ನೋಡಿ. ಆರಂಭದ ದರದಲ್ಲಿ ಐದು ಎಕರೆಯವನಿಗೆ ವರ್ಷಕ್ಕೆ 1,05,000 ರೂಪಾಯಿ. ಐವತ್ತು ಎಕರೆಯವನಿಗೆ ಹತ್ತೂವರೆ ಲಕ್ಷ. ಎಕರೆಯೇ ಇಲ್ಲದವನಿಗೆ ಸೊನ್ನೆ. ಸೊನ್ನೆಗೆ ಶೇಕಡ 5 ಸೇರಿಸಿದರೂ ಸೊನ್ನೆಯೇ. ಕಟ್ಟುವ ಕಾಲದಲ್ಲಿ ಕೈತುಂಬ ಕೆಲಸವಿತ್ತು, ನಿಜ. ಕಟ್ಟಿ ಮುಗಿದ ಮೇಲೆ ಉಳಿದದ್ದು ಗಾಜು ಒರೆಸುವುದು, ಹುಲ್ಲು ಕೊಯ್ಯುವುದು, ಬೇಲಿ ಕಾಯುವುದು. ಅದಕ್ಕೆ ಎಷ್ಟು ಕೈ ಬೇಕು? ಶಕ್ತಿಯೇನೋ ಎಂದೂ ಮುಗಿಯದ್ದು. ಕೆಲಸ ಮಾತ್ರ ಬೇಗ ಮುಗಿಯುವಂಥದು!

'ಭೂಮಿ ಯಾರದೋ ಬಾಡಿಗೆ ಅವರದು, ಇದರಲ್ಲಿ ಅನ್ಯಾಯವೆಲ್ಲಿ?' ಎನ್ನುವವರಿಗೆ 1974ನ್ನು ನೆನಪಿಸಬೇಕು. ಆ ವರ್ಷ ದೇವರಾಜ ಅರಸರ ಸರ್ಕಾರ ಗೇಣಿಯ ಪದ್ಧತಿಗೆ ಕೊನೆ ಹಾಡಲು ಹೊರಟಿತು. ಉಳುವವನೇ ಒಡೆಯನೆಂಬ ಮಾತಿನ ತಿರುಳೇನು? ನೆಲದಲ್ಲಿ ಬೆವರು ಸುರಿಸಿದವನಿಗೂ ನೆಲದ ಮೇಲೆ ಹಕ್ಕುಂಟು ಎಂಬುದೇ. ಈಗ ಸರ್ಕಾರದ ಏರ್ಪಾಟಿನಲ್ಲೇ ಗೇಣಿ ಬೇರೆ ಹೆಸರಿನಲ್ಲಿ ಮರಳಿದೆ. ಹಕ್ಕು ಕಾಗದವಿದ್ದವನಿಗಷ್ಟೆ, ಬೆವರಿಗೆ ಮತ್ತೆ ಬೆಲೆಯಿಲ್ಲ.

ಈ ರೂಢಿ ಹಳೆಯದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಹಳ್ಳಿಗಳ ಸರದಿ ಬಂದದ್ದು ಬಹಳ ತಡವಾಗಿ. ನೀರು ಹಳ್ಳಿಯದು, ದೀಪ ಪಟ್ಟಣದ್ದು. ಈಗ ಬಿಸಿಲು ಹಳ್ಳಿಯದು, ಲಾಭ ಕಂಪೆನಿಯದು.

ಕಲ್ಲಿದ್ದಲಿನ ಹೊಗೆಗಿಂತ ಬಿಸಿಲಿನ ಬೆಳಕು ಮೇಲು. ಅದಕ್ಕೆ ನನ್ನ ವಿರೋಧವಿಲ್ಲ. ನಾನು ಕೇಳುವುದು ಪಾಲನ್ನು. ಮಾರಿದ ಪ್ರತಿ ಯೂನಿಟ್ಟಿನಿಂದ ಒಂದಂಶ ಆ ಐದು ಗ್ರಾಮಗಳ ಭೂಹೀನರಿಗೆ, ಗುತ್ತಿಗೆ ಇರುವಷ್ಟು ಕಾಲ, ದಾನವಾಗಿ ಅಲ್ಲ, ಹಕ್ಕಾಗಿ ಸಲ್ಲಲಿ. ಫಲಕಗಳ ಕೆಳಗಿನ ಹುಲ್ಲನ್ನು ಹೇಗೂ ಕೊಯ್ಯಬೇಕು. ಕುರಿ ಮೇಯಿಸುವವರಿಗೆ ಬೇಲಿಯ ಬಾಗಿಲನ್ನು ಕಟ್ಟಳೆಯ ಪ್ರಕಾರ ತೆರೆಯಲಿ. ಕಡಲೆಕಾಯಿ ಸೀಮೆಯಲ್ಲಿ ಎಣ್ಣೆಯ ಗಾಣಗಳಿಗೆ ಇದೇ ವಿದ್ಯುತ್ತು ಅಗ್ಗವಾಗಿ ಸಿಗಲಿ. ಊರಿನಲ್ಲೇ ಹತ್ತು ಕಸಬು ಚಿಗುರಿದರೆ ಅದು ಅಭಿವೃದ್ಧಿ. ಬಾಡಿಗೆ ಬಟವಾಡೆ ಅಭಿವೃದ್ಧಿಯಲ್ಲ. 28 ವರ್ಷಗಳಾದ ಮೇಲೆ ಬದುಗಳು ಅಳಿಸಿಹೋದ ನೆಲವನ್ನು ಯಾರು, ಯಾವ ಸ್ಥಿತಿಯಲ್ಲಿ ಒಪ್ಪಿಸುತ್ತಾರೆಂಬುದನ್ನು ಊರಿನವರ ಮುಂದೆ ಈಗಲೇ ಓದಿ ಹೇಳಲಿ.

ಬೆಲೆ ಬಂದದ್ದು ನೆಲಕ್ಕಲ್ಲ, ಬಿಸಿಲಿಗೆ ಎಂದು ಹೇಳಿದವರು ಅವರೇ. ನೆಲಕ್ಕೆ ಪಹಣಿಯುಂಟು, ಬಿಸಿಲಿಗೆ ಯಾರ ಪಹಣಿಯೂ ಇಲ್ಲ. ಅದು ಒಡೆಯನ ತಲೆಯನ್ನು ಸುಟ್ಟದ್ದಕ್ಕಿಂತ ಹೆಚ್ಚಾಗಿ ಕೂಲಿಯ ಬೆನ್ನನ್ನು ಸುಟ್ಟಿದೆ. ಸುಡುವಾಗ ಎಲ್ಲರದೂ ಆಗಿದ್ದ ಬಿಸಿಲು ಹಣವಾಗುವಾಗ ಕೆಲವರದೇ ಆಗುವುದು ಯಾವ ನ್ಯಾಯ?