ಬಿಳಿ ಹಲ್ಲಿಗೆ ಬಿಳಿ ಬೇರೇ ಬೇಕೆ?

ಕೋಡುಬಳೆ ಕಟಂ ಎನ್ನಿಸುವಾಗ ದವಡೆ ಹಲ್ಲಿನ ಮೇಲೆ ಎಷ್ಟು ಭಾರ ಬೀಳುತ್ತದೆಂದು ಯಾರೂ ಲೆಕ್ಕ ಹಾಕುವುದಿಲ್ಲ. ಗಟ್ಟಿಮುಟ್ಟಾದ ಆಳು ಬಲವೆಲ್ಲ ಹಾಕಿ ಕಚ್ಚಿದರೆ ಅದು 500 ನ್ಯೂಟನ್ ದಾಟುವುದುಂಟು; ಒಂದು ಮೂಟೆ ಸಿಮೆಂಟನ್ನು ಆ ಚೂರು ಜಾಗದ ಮೇಲೆ ಹೇರಿದ ಹಾಗೆ. ಸ್ವಂತ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ತೆಳ್ಳನೆಯ ನಾರಿನ ಪದರವೊಂದಿದ್ದು ಪೆಟ್ಟನ್ನು ತಾಳಿಕೊಳ್ಳುತ್ತದೆ. ಬಿದ್ದ ಹಲ್ಲಿನ ಬೇರಿನ ಜಾಗಕ್ಕೆ ಕೂರಿಸುವ ಇಂಪ್ಲಾಂಟಿಗೆ ಆ ಭಾಗ್ಯವಿಲ್ಲ. ಅದು ಮೂಳೆಯನ್ನೇ ಕಚ್ಚಿಕೊಂಡು ನಿಂತ ಸ್ಕ್ರೂ.

ಲೋಹವನ್ನು ಮೂಳೆ ಹಾಗೆ ಅಪ್ಪಿಕೊಳ್ಳುತ್ತದೆಂದು ಗೊತ್ತಾದದ್ದು ಮೊಲಗಳ ದೆಸೆಯಿಂದ. 1950ರ ದಶಕದಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೂಳೆಯೊಳಗಿನ ರಕ್ತಸಂಚಾರ ನೋಡಲು ಮೊಲದ ಕಾಲಿಗೆ ಟೈಟಾನಿಯಂ ಉಪಕರಣ ಕೂರಿಸಿದರು. ಕೆಲಸ ಮುಗಿದ ಮೇಲೆ ಕೀಳಲು ಹೋದರೆ ಅದು ಬರಲೊಲ್ಲದು. 1965ರಲ್ಲಿ ಮೊದಲ ರೋಗಿಯ ದವಡೆಗೆ ಟೈಟಾನಿಯಂ ಇಳಿಯಿತು.

ಈಗ ದಂತವೈದ್ಯರ ಮುಂದೆ ಕೂತವರು ಕೇಳುವುದೇ ಬೇರೆ: "ಲೋಹ ಬೇಡ ಡಾಕ್ಟ್ರೇ, ಬಿಳೀದು ಹಾಕಿ." ಬಿಳೀದು ಅಂದರೆ ಜಿರ್ಕೋನಿಯಾ, ಒಂದು ಬಗೆಯ ಪಿಂಗಾಣಿ. ಬಾಗಿಸಿ ಮುರಿಯುವ ಪರೀಕ್ಷೆಯಲ್ಲಿ ಅದು ಸುಮಾರು 1,000 ಮೆಗಾಪ್ಯಾಸ್ಕಲ್ ತಡೆಯುತ್ತದೆ. ಇಂಪ್ಲಾಂಟಿಗೆ ಬಳಸುವ ನಾಲ್ಕನೇ ದರ್ಜೆಯ ಟೈಟಾನಿಯಂ ಎಳೆದು ಹರಿಯುವ ಪರೀಕ್ಷೆಯಲ್ಲಿ 550 ತಡೆದರೆ ಪಾಸು. ಹಾಗಾದರೆ ಬಿಳಿಯದೇ ಗೆದ್ದಿತು ಅನ್ನಬಹುದೆ? ಒಂದು ಬಾಗಿಸಿದ ಲೆಕ್ಕ, ಇನ್ನೊಂದು ಎಳೆದ ಲೆಕ್ಕ. ಸೇರನ್ನೂ ಮೊಳವನ್ನೂ ಒಂದೇ ತಕ್ಕಡಿಗೆ ಹಾಕಿದಂತೆ.

ಎಷ್ಟು ತಡೆಯಿತು ಅನ್ನುವುದಕ್ಕಿಂತ ತಡೆಯಲಾರದಾಗ ಏನು ಮಾಡಿತು ಅನ್ನುವುದೇ ಇಲ್ಲಿ ಮುಖ್ಯ. ಟೈಟಾನಿಯಂ ಮೊದಲು ಬಾಗುತ್ತದೆ. ಪಿಂಗಾಣಿ ಬಾಗುವುದಿಲ್ಲ, ಒಮ್ಮೆಲೇ ಒಡೆಯುತ್ತದೆ. ಪಶ್ಚಿಮ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ 1970ರ ದಶಕದಲ್ಲೇ ಅಲ್ಯುಮಿನಾ ಪಿಂಗಾಣಿಯ ಇಂಪ್ಲಾಂಟ್ ಬಂದಿತ್ತು; ಬಿರುಕು ಬಿಡುವ ಚಾಳಿಯಿಂದಲೇ ಅದು ಮೂಲೆ ಸೇರಿತು.

ಜಿರ್ಕೋನಿಯಾ ಅಷ್ಟು ಬಡಪಾಯಿಯಲ್ಲ. ಬಿರುಕು ಹೊರಟ ಕಡೆ ಅದರ ಹರಳುಗಳು ರೂಪ ಬದಲಿಸಿ ಶೇ. 4ರ ಆಸುಪಾಸು ಉಬ್ಬಿ ಆ ಸೀಳನ್ನು ಅದುಮಿ ಹಿಡಿಯುತ್ತವೆ. ಸೊಗಸಾದ ಜಾಣತನ. ಆದರೆ ಅದೇ ರೂಪಾಂತರ ತೇವಕ್ಕೆ ಸಿಕ್ಕಿ ಮೇಲ್ಮೈಯಿಂದ ತಾನಾಗಿ ಶುರುವಾದರೆ ವಸ್ತು ಒಳಗೊಳಗೇ ಮುದಿಯಾಗುತ್ತದೆ. ಫ್ರಾನ್ಸಿನಲ್ಲಿ ತಯಾರಾದ, ಕೃತಕ ಸೊಂಟದ ಕೀಲಿನ ಜಿರ್ಕೋನಿಯಾ ಗುಂಡುಗಳು ರೋಗಿಗಳ ಮೈಯೊಳಗೇ ಒಡೆದು, 2001ರಲ್ಲಿ ಮಾರುಕಟ್ಟೆಯಿಂದ ವಾಪಸಾದವು. ಬಾಯಿ ಎಂದರೆ ಹಗಲಿರುಳೂ ತೇವ.

ಬಿಗುವಿನ, ಅಂದರೆ ಬಾಗದೆ ಸೆಟೆದು ನಿಲ್ಲುವ ಗುಣದ, ಮಾತು ಬಂದರೂ ತಕ್ಕಡಿ ಟೈಟಾನಿಯಂ ಕಡೆಗೇ ವಾಲುತ್ತದೆ; ಅದು ಮೂಳೆಯ ಬಿಗುವಿಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ದವಡೆ ಮೂಳೆಯ ಗಟ್ಟಿ ಹೊರಪದರದ ಬಿಗುವು 15 ಗಿಗಾಪ್ಯಾಸ್ಕಲ್ ಆಸುಪಾಸು, ಟೈಟಾನಿಯಂದು 105, ಜಿರ್ಕೋನಿಯಾದ್ದು 210. ಪೀಕ್ ಎಂಬ ಪ್ಲಾಸ್ಟಿಕ್ಕಿನದು ಬರೀ 4; ಇಂಗಾಲದ ಎಳೆ ಬೆರೆಸಿದರೆ ಮೂಳೆಯ ಹತ್ತಿರ ಹತ್ತಿರ 18. ಕಾಗದದ ಮೇಲೆ ಇದೇ ಮದುವಣಿಗ. ಆದರೆ ಮೂಳೆ ಅದನ್ನು ಟೈಟಾನಿಯಂನಷ್ಟು ಪ್ರೀತಿಯಿಂದ ಅಪ್ಪುವುದಿಲ್ಲ. ಟೈಟಾನಿಯಂಗೆ ಶೇ. 15ರಷ್ಟು ಜಿರ್ಕೋನಿಯಂ ಲೋಹ ಬೆರೆಸಿದ ಮಿಶ್ರಣಕ್ಕೆ ಇಷ್ಟು ಪ್ರಚಾರವಿಲ್ಲ. ಸಪೂರ ಸ್ಕ್ರೂ ಮಾತ್ರ ಹಿಡಿಸುವ ತೆಳು ಮೂಳೆಗೆ ಅದು ಒಳ್ಳೆಯ ಆಯ್ಕೆ.

ಐಎಸ್‌ಒ 14801 ಎಂಬ ಬಾಳಿಕೆಯ ಪರೀಕ್ಷೆಯಲ್ಲಿ ಇಂಪ್ಲಾಂಟನ್ನು 30 ಡಿಗ್ರಿ ಓರೆಯಾಗಿ ನಿಲ್ಲಿಸುತ್ತಾರೆ. ಸುತ್ತಲಿನ ಮೂಳೆ 3 ಮಿಲಿಮೀಟರ್ ಸವೆದಿದೆ ಎಂದುಕೊಂಡು ಅಷ್ಟನ್ನು ಬರಿದಾಗಿಯೇ ಬಿಡುತ್ತಾರೆ. ಆಮೇಲೆ ಯಂತ್ರ ಸೆಕೆಂಡಿಗೆ 15 ಸಲದಂತೆ 50 ಲಕ್ಷ ಸಲ ಒತ್ತುತ್ತದೆ. ಊಟ ನಿದ್ದೆಯಿಲ್ಲದೆ ಹೆಚ್ಚುಕಡಿಮೆ ನಾಲ್ಕು ದಿನ. ಒಣಗಾಳಿಯ ಈ ಪರೀಕ್ಷೆ ಜಿರ್ಕೋನಿಯಾಗೆ ಸಾಲದು. ನೀರಿನಲ್ಲಿ ನಡೆಸಿದ 20 ಲಕ್ಷ ಒತ್ತಿನ ಫಲಿತಾಂಶವನ್ನೂ ಕಂಪನಿಯಿಂದ ಕೇಳಬೇಕು.

ತೆಳು ವಸಡಿನ ಮುಂಭಾಗದ ಹಲ್ಲಿಗೆ, ಬೂದು ಛಾಯೆ ಇಣುಕುವ ಕಡೆ, ಬಿಳಿಯದಕ್ಕೆ ಅದರದೇ ಜಾಗವಿದೆ. ರಾತ್ರಿ ಹಲ್ಲು ಕಡಿಯುವವರ ಹಿಂದವಡೆಗೆ ಅದನ್ನು ಕೂರಿಸುವುದು ಮಾತ್ರ ದುಡುಕು. ಎರಡು ತುಂಡಿನ ಟೈಟಾನಿಯಂ ಇಂಪ್ಲಾಂಟಿನಲ್ಲಿ ಒಳಗಿನ ಸ್ಕ್ರೂ ಸಡಿಲವಾದರೆ ವೈದ್ಯರು ಪುಟ್ಟ ಸ್ಪ್ಯಾನರ್ ಹಿಡಿದು ಬಿಗಿ ಮಾಡಿ ಕಳಿಸುತ್ತಾರೆ. ಒಡೆದ ಪಿಂಗಾಣಿಯ ಬೇರನ್ನು ತೆಗೆಯಬೇಕಾದರೆ ಟೊಳ್ಳು ಡ್ರಿಲ್ಲಿನಿಂದ ಸುತ್ತಲಿನ ಮೂಳೆಯನ್ನೂ ಕೊರೆದು ತೆಗೆಯಬೇಕಾಗುತ್ತದೆ.