ಕಪಾಟಿನಲ್ಲಿರುವ ಜಪಸರ

ಮನೆ ಆಶೀರ್ವಾದಕ್ಕೆಂದು ವಿನೋಬನಗರದ ಕುಟುಂಬವೊಂದಕ್ಕೆ ಹೋಗಿದ್ದೆ. "ಫಾದರ್, ನಮ್ಮದು ಹಳೆಯ ಕ್ರೈಸ್ತ ಮನೆತನ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ ನಮ್ಮ ತಾತ ಜಪಸರ ಹಿಡಿದುಕೊಂಡೇ ಅಲ್ಲಿಗೆ ಬಂದರು" ಎಂದು ಮನೆಯ ಹಿರಿಯರು ಅಭಿಮಾನದಿಂದ ನುಡಿದರು. ಸಂಜೆಯ ಪ್ರಾರ್ಥನೆ ಎಷ್ಟು ಹೊತ್ತಿಗೆ ಎಂದು ಕೇಳಿದೆ. ಉತ್ತರ ಬರಲಿಲ್ಲ. ತಾತನ ಜಪಸರ ಗಾಜಿನ ಕಪಾಟಿನಲ್ಲಿ ಭದ್ರವಾಗಿತ್ತು.

ಹಿರಿಯರ ಹೆಸರು ಹೇಳುವುದು ತಪ್ಪೇ? ಖಂಡಿತ ಅಲ್ಲ. ಯೆಹೂದ್ಯರು ದಿನಕ್ಕೆ ಮೂರು ಬಾರಿ ನಿಂತು ಸಲ್ಲಿಸುವ 'ಅಮಿದಾ' ಪ್ರಾರ್ಥನೆಯ ಮೊದಲ ಸ್ತುತಿಗೆ 'ಆವೋತ್', ಅಂದರೆ 'ಪಿತೃಗಳು' ಎಂದೇ ಹೆಸರು. ಅಲ್ಲಿ ಅಬ್ರಹಾಮ, ಇಸಾಕ, ಯಕೋಬ ಮೂವರನ್ನೂ ಒಟ್ಟಿಗೆ ಸೇರಿಸಿ ಒಮ್ಮೆ 'ದೇವರು' ಎಂದು ಮುಗಿಸುವುದಿಲ್ಲ. ಒಬ್ಬೊಬ್ಬರ ಹೆಸರಿನೊಂದಿಗೂ ಆ ಪದ ಮತ್ತೆ ಬರುತ್ತದೆ. ಏಕೆ? ಪ್ರತಿಯೊಬ್ಬನೂ ದೇವರನ್ನು ತಾನೇ ಅರಸಿ ಕಂಡುಕೊಳ್ಳಬೇಕಾಯಿತು ಎಂಬುದು ಯೆಹೂದ್ಯ ಗುರುಗಳು ನೀಡುವ ವಿವರಣೆ. ಮುಂಜಾನೆಯ ಪ್ರಾರ್ಥನೆಯನ್ನು ಅಬ್ರಹಾಮನೂ ಮಧ್ಯಾಹ್ನದ್ದನ್ನು ಇಸಾಕನೂ ರಾತ್ರಿಯದನ್ನು ಯಕೋಬನೂ ಆರಂಭಿಸಿದರೆಂದು ತಾಲ್ಮುದ್ ಗ್ರಂಥ ತಿಳಿಸುತ್ತದೆ. ಪಿತೃಗಳ ಪುಣ್ಯವನ್ನು ಯೆಹೂದ್ಯರು ನೆನೆಯುವುದುಂಟು; ಆದರೆ ಆ ನೆನಪೇ ಅವರನ್ನು ಪ್ರಾರ್ಥನೆಗೆ ಎಬ್ಬಿಸಿ ನಿಲ್ಲಿಸುತ್ತದೆ.

ಆದಿಕಾಂಡದ 28ನೆಯ ಅಧ್ಯಾಯವನ್ನು ತೆರೆದು ನೋಡಿ. ಮನೆ ತೊರೆದ ಯಕೋಬ ಕಲ್ಲನ್ನು ತಲೆದಿಂಬಾಗಿಸಿ ಮಲಗಿದ. ತನ್ನನ್ನು ಕಾಪಾಡಿ ತಂದೆಯ ಮನೆಗೆ ಮರಳಿಸಿದರೆ ಸರ್ವೇಶ್ವರರೇ ತನಗೆ ದೇವರಾಗುವರು ಎಂದು ಹರಕೆ ಹೊತ್ತ. ಅಂದರೆ, ಆವರೆಗೆ ಅವರು ಅವನಿಗೆ ಅಪ್ಪನ ದೇವರು, ತಾತನ ದೇವರು! ಅಬ್ರಹಾಮನ ಮೊಮ್ಮಗನಿಗೇ ಸಾಲದಿದ್ದ ವಂಶದ ಹೆಸರು ನಮಗೆ ಸಾಕಾದೀತೇ?

"ಅದೆಲ್ಲ ಹಳೆಯ ಒಡಂಬಡಿಕೆ, ನಮಗೇಕೆ?" ಎನ್ನುವವರೂ ಇದ್ದಾರೆ. ಪುನರುತ್ಥಾನವನ್ನು ಸಮರ್ಥಿಸಲು ಪ್ರಭು ಯೇಸು ಆಧಾರವಾಗಿ ತೆಗೆದುಕೊಂಡದ್ದು ಈ ಮೂವರ ದೇವರೆಂಬ ಹೆಸರನ್ನೇ. ಧರ್ಮಸಭೆ ಪ್ರತಿ ಮುಂಜಾನೆ ಜಕರೀಯನ ಗೀತೆಯಲ್ಲಿ, ಪ್ರತಿ ಸಂಜೆ ಮಾತೆ ಮರಿಯಮ್ಮನವರ ಗೀತೆಯಲ್ಲಿ ಅಬ್ರಹಾಮನನ್ನು ಸ್ಮರಿಸುತ್ತದೆ. ನಮ್ಮ ವಿಶ್ವಾಸದ ಆರಂಭ ಆ ಪಿತಾಮಹರಲ್ಲಿದೆ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಬೇರು ಕಡಿದು ಹಣ್ಣು ಬಯಸುವುದು ಎಂಥ ಜಾಣತನ?

ಆದರೆ ಅಬ್ರಹಾಮನ ಹೆಸರಿನ ಮರೆಯಲ್ಲಿ ಅಡಗಲು ಬಂದವರನ್ನು ಸ್ನಾನಿಕ ಯೊವಾನ್ನ ಗದರಿಸಿದ್ದನ್ನೂ ಮರೆಯದಿರೋಣ. ಕಲ್ಲುಗಳಿಂದಲೂ ಅಬ್ರಹಾಮನಿಗೆ ಮಕ್ಕಳನ್ನು ಕೊಡಬಲ್ಲ ದೇವರಿಗೆ ನಮ್ಮ ಮನೆತನದ ಹಂಗಿಲ್ಲ.

ಪ್ರಿಯರೇ, ಇಂದು ಸಂಜೆಯೇ ಟಿ.ವಿ. ಆರಿಸಿ, ಕಪಾಟಿನಿಂದ ಆ ಜಪಸರ ಹೊರತೆಗೆಯಿರಿ. ತಾತನ ದೇವರೇ, ತಂದೆಯ ದೇವರೇ ಎಂದು ಮಕ್ಕಳಿಗೆ ಹೇಳಿಕೊಡಿ. ಅನಂತರ ಸ್ವಲ್ಪ ಹೊತ್ತು ಸುಮ್ಮನಿರಿ. 'ನನ್ನ ದೇವರೇ' ಎಂಬ ಮಾತನ್ನು ಮಗು ತಾನೇ ನುಡಿಯಬೇಕು. ಅದನ್ನು ಅದರ ಪರವಾಗಿ ತಾತನೂ ಹೇಳಲಾರ, ಗುರುವಾದ ನಾನೂ ಹೇಳಲಾರೆ.