ನಿಮ್ಮ ಟ್ರೇಲ್, ಅವರ ದವಾಖಾನೆ ದಾರಿ

ಎಂ.ಎ. ಓದುವಾಗ ನಾನೂ ಒಂದು ಚಾರಣ ಲೇಖನ ಬರೆದಿದ್ದೆ. ಖಾನಾಪುರದ ಕಾಡಿನಲ್ಲಿ ಆಷಾಢದ ಮಳೆಗೆ ತೊಯ್ದು, ಇಂಬಳಗಳಿಗೆ ರಕ್ತ ಕೊಟ್ಟು, ಬೆನ್ನಿಗೆ ದೊಡ್ಡ ಬ್ಯಾಗು ಹೊತ್ತು ಎರಡು ದಿನ ನಡೆದ ಕಥೆ. ಮೊನ್ನೆ ಬೇರೇನೋ ಹುಡುಕುವಾಗ ಅದು ಸಿಕ್ಕಿತು. ಅದರಲ್ಲಿ ‘ನಿರ್ಜನ’ ಎಂಬ ಪದ ಐದು ಕಡೆ ಇದೆ. ಆದರೆ ಆ ಎರಡು ದಿನ ನಾವು ಉಂಡಿದ್ದು ಒಬ್ಬರ ಮನೆಯಲ್ಲಿ, ಮಲಗಿದ್ದು ಇನ್ನೊಬ್ಬರ ಪಡಸಾಲೆಯಲ್ಲಿ. ಹಳ್ಳ ದಾಟುವಾಗ ನನ್ನ ರಟ್ಟೆ ಹಿಡಿದದ್ದು ಗೋಣಿಚೀಲದ ಕೊಪ್ಪೆ ಹೊದ್ದ ಒಬ್ಬ ಅಜ್ಜ. ಅವರೆಲ್ಲ ನನ್ನ ಲೇಖನದಲ್ಲಿ ‘ಸ್ಥಳೀಯರು’ ಎಂಬ ಒಂದು ಪದದೊಳಗೆ ತುರುಕಿಹೋಗಿದ್ದಾರೆ. ಜಲಪಾತಕ್ಕೆ ಮಾತ್ರ ಎರಡು ಪ್ಯಾರಾ.

ಈ ಮಳೆಗಾಲವೂ ಅಂಥ ಲೇಖನಗಳು ಬರತೊಡಗಿವೆ. ಮಂಜು, ಮೌನ, ತನ್ನನ್ನು ತಾನು ಕಂಡುಕೊಳ್ಳುವುದು. ನನ್ನ ತಕರಾರು ನಡೆಯುವುದರ ಬಗ್ಗೆ ಅಲ್ಲ, ಹೀಗೆ ಬರೆಯುವುದರ ಬಗ್ಗೆ.

ನನ್ನ ಊರು ಬೀಡಿ, ಖಾನಾಪುರ ತಾಲ್ಲೂಕಿನ ಪೂರ್ವದ ಸೆರಗು. ಕನ್ನಡದ ಊರು. ಅಲ್ಲಿಂದ ಪಶ್ಚಿಮಕ್ಕೆ ಹೋದಂತೆ ಗದ್ದೆ ಕಡಿಮೆಯಾಗಿ ಕಾಡು ದಟ್ಟವಾಗುತ್ತದೆ, ಮಾತು ಮರಾಠಿ-ಕೊಂಕಣಿಗೆ ಹೊರಳುತ್ತದೆ. ಮಳೆಯಂತೂ ಬೇರೆಯೇ ಲೋಕದ್ದು: 2010ರಲ್ಲಿ ಅಮಗಾಂವದಲ್ಲಿ ಹತ್ತು ಸಾವಿರ ಮಿಲಿಮೀಟರ್ ದಾಟಿತ್ತು. 2011ರಲ್ಲಿ ಭೀಮಗಡ ವನ್ಯಜೀವಿಧಾಮ ಘೋಷಣೆಯಾಯಿತು. ಜಗತ್ತಿನಲ್ಲಿ ಬಹಳ ಅಪರೂಪದ ಬಾವಲಿಗಳು ಇಲ್ಲಿನ ಬಾರಾಪೆಡೆ ಗುಹೆಗಳಲ್ಲಿವೆ. ಆ ರಕ್ಷಣೆ ಬೇಕೇ ಬೇಕು. ಆದರೆ ಇದೇ ಕಾಡಿನೊಳಗೆ ಗವ್ವಾಳಿ, ಕೊಂಗಳಾ, ಪಾಸ್ತೋಲಿ, ಅಮಗಾಂವ, ಕೃಷ್ಣಾಪುರ, ದೇಗಾಂವ, ತಳೇವಾಡಿಗಳೂ ಇವೆ. ನಾವು ಟ್ರೇಲ್ ಅನ್ನುವುದು ಇವರ ರೇಷನ್ ದಾರಿ, ಶಾಲೆ ದಾರಿ, ದವಾಖಾನೆ ದಾರಿ.

ಅಂಥ ದಾರಿಗಳಿಗೆ ಇತಿಹಾಸವೂ ಇದೆ. 1830ರಲ್ಲಿ ನಮ್ಮೂರಿನ ಕಚೇರಿಗೆ ಬೆಂಕಿ ಇಟ್ಟ ಸಂಗೊಳ್ಳಿ ರಾಯಣ್ಣ ಕಂಪನಿ ಸೈನ್ಯವನ್ನು ಕಾಡಿಸಿದ್ದು ಈ ಸೀಮೆಯ ಅಡವಿ ಬಲ್ಲ ಜನರ ಬಲದಿಂದ. ನಂದಗಡದಲ್ಲಿ ಅವನ ಸಮಾಧಿಗೆ ಕೈಮುಗಿದು, ಮುಂದಿನ ತಿರುವಿನಲ್ಲಿ ‘ಮನುಷ್ಯರ ಸುಳಿವಿಲ್ಲದ ಕಾಡು’ ಎಂದು ಬರೆಯಲು ನಮಗೆ ಹೇಗೆ ಮನಸ್ಸು ಬರುತ್ತದೋ.

2024ರ ಜುಲೈನಲ್ಲಿ ಅಮಗಾಂವದ ಹೆಣ್ಣುಮಗಳೊಬ್ಬರನ್ನು ಊರವರು ಕಟ್ಟಿಗೆಯ ಡೋಲಿ ಮಾಡಿ, ಮಳೆಯಲ್ಲಿ, ಹಳ್ಳ ದಾಟಿಸಿ ಕಿಲೋಮೀಟರ್‌ಗಟ್ಟಲೆ ಹೊತ್ತು ತಂದರು. ಆ ವಿಡಿಯೊವನ್ನು ನೀವೂ ನೋಡಿರಬಹುದು. ಅದನ್ನು ಹಂಚಿಕೊಂಡು ಕಣ್ಣೀರಿನ ಚಿತ್ರ ಹಾಕಿದವರಲ್ಲಿ ನನ್ನ ಚಾರಣದ ಗೆಳೆಯರೂ ಇದ್ದರು. ಅದೇ ಕೆಸರು, ಅದೇ ಜಾರಿಕೆ ಎಂಬುದು ಯಾರಿಗೂ ಹೊಳೆಯಲಿಲ್ಲ. ನಮಗೆ ಅದು ಸಾಹಸವಾದದ್ದು ನಾವು ಭಾನುವಾರ ರಾತ್ರಿ ಖಾನಾಪುರದಿಂದ ಬಸ್ಸು ಹತ್ತುತ್ತೇವೆ ಎಂಬ ಒಂದೇ ಕಾರಣಕ್ಕೆ.

‘ಹಾಗಾದರೆ ಕಾಡಿಗೆ ಡಾಂಬರು ಹಾಕೋಣವೇ?’ ಎಂದು ಕೇಳುವವರಿದ್ದಾರೆ. ಬೇಡ. ರಸ್ತೆಯ ಹಿಂದೆ ರೆಸಾರ್ಟು ಬರುತ್ತದೆ ಎಂಬ ಭಯ ನನಗೂ ಇದೆ. ಆದರೆ ಕಾಲುಸಂಕ ರಸ್ತೆಯಲ್ಲ. ಅದರ ಮೇಲೆ ಲಾರಿ ಹೋಗುವುದಿಲ್ಲ, ಡೋಲಿ ಹೋಗುತ್ತದೆ. ಅರಣ್ಯ ಹಕ್ಕು ಕಾಯ್ದೆ, 2006ರ 3(2)ನೇ ಕಲಂ ಇಂಥದ್ದಕ್ಕೇ ಇದೆ: ಗ್ರಾಮಸಭೆ ಶಿಫಾರಸು ಮಾಡಿದರೆ ಶಾಲೆ, ದವಾಖಾನೆ, ದಾರಿಯಂಥ ಕೆಲಸಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿ, ಹೆಕ್ಟೇರಿಗೆ 75 ಮರ ಮೀರದಂತೆ, ಕೊಡಬಹುದು. ಕಾನೂನು ಇಲ್ಲದೆ ಸಂಕ ನಿಂತಿಲ್ಲ.

ಮನಸ್ಸಿದ್ದರೆ ಸರ್ಕಾರ ಎಷ್ಟು ಚುರುಕು ನೋಡಿ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ಮುಗಿಬಿದ್ದರು; ಅದೇ ವರ್ಷ ಆನ್‌ಲೈನ್ ಟಿಕೆಟ್, ದಿನಕ್ಕೆ 300 ಜನರ ಮಿತಿ ಎಲ್ಲ ಬಂತು. ನಾವು ಬೆಂಗಳೂರಿನಲ್ಲಿ ಕೂತು ಗದ್ದಲ ಮಾಡಬಲ್ಲವರು. ಮಹದಾಯಿ ಹುಟ್ಟುವುದು ಈ ಊರುಗಳ ನಡುವೆಯೇ; ಅದರ ನೀರಿನಲ್ಲಿ ಕರ್ನಾಟಕದ ಪಾಲು 13.42 ಟಿಎಂಸಿ ಎಂದು ನ್ಯಾಯಮಂಡಳಿ 2018ರಲ್ಲಿ ದಶಾಂಶದವರೆಗೆ ಲೆಕ್ಕ ಹಾಕಿತು. ಅದೇ ನೀರು ಒಂದು ಊರನ್ನು ವರ್ಷಕ್ಕೆ ಎಷ್ಟು ದಿನ ಹೊರಜಗತ್ತಿನಿಂದ ಕತ್ತರಿಸುತ್ತದೆ ಎಂಬ ಲೆಕ್ಕ ಯಾವ ತೀರ್ಪಿಗೂ ಬೇಕಾಗಲಿಲ್ಲ. ಇನ್ನು ಗಡಿಯ ಜಗಳ! ಬೆಳಗಾವಿಯ ಒಂದಿಂಚೂ ಬಿಡೆವು ಎನ್ನುವ ಎರಡೂ ಕಡೆಯ ವೀರರು ಬೋರ್ಡಿನ ಅಕ್ಷರಕ್ಕೆ ಬಡಿದಾಡುತ್ತಾರೆ. ನಮ್ಮ ಕಾಲುಸಂಕಕ್ಕೆ ಮರಾಠಿಯಲ್ಲಿ ಸಾಕವ ಎನ್ನುತ್ತಾರೆ. ಯಾವ ಭಾಷೆಯಲ್ಲಿ ಕಟ್ಟಿದರೂ ಆ ಅಜ್ಜನ ಅಭ್ಯಂತರವಿರಲಿಲ್ಲ.

ಈಗ ಹೊಸ ಉತ್ತರ ಬಂದಿದೆ: ಸ್ಥಳಾಂತರ. 2025ರಲ್ಲಿ ತಳೇವಾಡಿಯ ಕುಟುಂಬಗಳಿಗೆ ತಲಾ 15 ಲಕ್ಷ ರೂಪಾಯಿಯ ಪರಿಹಾರ ನಿಗದಿಯಾಗಿ ಚೆಕ್ ವಿತರಣೆ ನಡೆಯಿತು. ಹೋಗಬೇಕೆಂದು ಮನಸಾರೆ ಬಯಸಿದವರು ಹೋಗಲಿ, ಅವರಿಗೆ ಒಳ್ಳೆಯದಾಗಲಿ. ಇಂಥ ಸ್ಥಳಾಂತರವನ್ನು ‘ಸ್ವಯಂಪ್ರೇರಿತ’ ಎಂದು ಕರೆಯುವುದು ರೂಢಿ. ಗರ್ಭಿಣಿ ಸೊಸೆಯನ್ನು ಮಳೆಗಾಲಕ್ಕೆ ಮುಂಚೆಯೇ ನೆಂಟರ ಮನೆಗೆ ಕಳಿಸಿ, ನಾಲ್ಕು ತಿಂಗಳ ಅಕ್ಕಿ ಕೂಡಿಟ್ಟು, ಹಳ್ಳ ಇಳಿಯುವುದನ್ನು ಕಾಯುತ್ತ ತಲೆಮಾರು ಕಳೆದವರ ಮುಂದೆ ಚೆಕ್ ಹಿಡಿದರೆ ಅದರಲ್ಲಿ ಸ್ವಯಂ ಎಷ್ಟು, ಪ್ರೇರಣೆ ಎಷ್ಟು? ಮೊದಲು ಸಂಕ ಕಟ್ಟಿ, ಆಮೇಲೆ ಕೇಳಿದ್ದರೆ ಸಿಗುತ್ತಿದ್ದ ಉತ್ತರವೇ ನಿಜವಾದ ಉತ್ತರ.

ನಿರ್ಜನ ಎಂಬ ಪದ ಈ ಕೆಲಸವನ್ನು ಹಗುರ ಮಾಡುತ್ತದೆ. ನಾವು ಲೇಖನದಲ್ಲಿ ಮೊದಲು ಖಾಲಿ ಮಾಡಿದ ಕಾಡನ್ನು ಆಮೇಲೆ ಇನ್ಯಾರೋ ಕಾಗದದ ಮೇಲೆ ಖಾಲಿ ಮಾಡುತ್ತಾರೆ, ಓದುಗರಿಗೆ ಅಚ್ಚರಿಯೂ ಆಗುವುದಿಲ್ಲ. ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಇದು ಗೊತ್ತಿರಬೇಕಿತ್ತು. ಪಠ್ಯದಲ್ಲಿ ಯಾರು ಕಾಣೆಯಾಗಿದ್ದಾರೆ ಎಂದು ಕೇಳುವುದನ್ನೇ ಅಲ್ಲವೇ ತರಗತಿಯಲ್ಲಿ ಕಲಿತದ್ದು?

ನಾನು ಹೊರಟಾಗ ಅವ್ವ, “ಮಳ್ಯಾಗ ಅಡವಿ ಹೊಕ್ಕ ಏನ್ ನೋಡ್ತಿ?” ಎಂದಿದ್ದಳು. ಜಲಪಾತ ಎಂದಿದ್ದೆ. ಈ ಆಷಾಢದಲ್ಲಿ ಆ ಕಡೆ ಹೋಗುವವರು, ಊರವರ ಒಪ್ಪಿಗೆ ಪಡೆದು, ದಾರಿ ತೋರಿದವರಿಗೆ ಕೂಲಿ ಕೊಟ್ಟು ಹೋಗಿ. ಬರೆಯುವಾಗ ಯಾವ ಹಳ್ಳಕ್ಕೆ ಸಂಕವಿಲ್ಲ, ಯಾವ ತಿಂಗಳಿನಿಂದ ಶಾಲೆಗೆ ಮಾಸ್ತರು ಬರಲಾಗಿಲ್ಲ, ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನೂ ಬರೆಯಿರಿ. ನನ್ನ ಹಳೆಯ ಲೇಖನವನ್ನು ತಿದ್ದಲು ಕುಳಿತಿದ್ದೇನೆ. ಐದು ‘ನಿರ್ಜನ’ಗಳನ್ನು ಹೊಡೆದುಹಾಕಿದ್ದಾಯಿತು. ಆ ಅಜ್ಜನ ಹೆಸರು ಕೇಳಿಕೊಂಡಿರಲಿಲ್ಲ. ಅದಕ್ಕಾಗಿ ಹಳ್ಳ ಇಳಿದ ಮೇಲೆ ಮತ್ತೊಮ್ಮೆ ಹೋಗಬೇಕು.